ಮೊದಲ ಬರ್ತ್‌ಡೇ ಕೇಕಿಗೆ ವಿಪ್ಪಿಂಗ್ ಕ್ರೀಮೋ, ಬಟರ್‌ಕ್ರೀಮೋ?

ಅರ್ಧ ಕೆಜಿ ಕೇಕಿಗೆ ಒಂದು ಕಪ್ ನಾನ್‌ಡೇರಿ (ಹಾಲಿನ ಕೊಬ್ಬಿನ ಬದಲು ಸಸ್ಯದ ಕೊಬ್ಬಿನ) ವಿಪ್ಪಿಂಗ್ ಕ್ರೀಮ್ ಸಾಕು. ಬೀಟ್ ಮಾಡಿದರೆ ಎರಡರಷ್ಟಕ್ಕೂ ಹೆಚ್ಚು ಉಬ್ಬುತ್ತದೆ. ಫ್ರೀಜರಿನಿಂದ ತೆಗೆದದ್ದು ಫ್ರಿಜ್ಜಿನಲ್ಲೇ ಕರಗಲಿ, ಬಟ್ಟಲೂ ತಣ್ಣಗಿರಲಿ. ಬೀಟರ್ ಎತ್ತಿದಾಗ ತುದಿ ನೆಟ್ಟಗೆ ನಿಂತರೆ ಅಲ್ಲಿಗೆ ನಿಲ್ಲಿಸಿ. ಆಸೆಬಿದ್ದು ಇನ್ನೂ ಬೀಟ್ ಮಾಡಿದರೆ ತರಿತರಿಯಾಗುತ್ತದೆ. ಆಗ ಬೀಟ್ ಮಾಡದ ಕ್ರೀಮ್ ಎರಡು ಚಮಚ ಹಾಕಿ ಬೀಟರ್ ಬಿಟ್ಟು ಚಮಚದಲ್ಲಿ ನಿಧಾನವಾಗಿ ಬೆರೆಸಿ.

ಬಟರ್‌ಕ್ರೀಮಿಗೆ ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಐಸಿಂಗ್ ಶುಗರ್ (ನುಣ್ಣಗೆ ಪುಡಿಮಾಡಿದ ಸಕ್ಕರೆ) 200 ಗ್ರಾಂ, ಹಾಲು ಒಂದು ಚಮಚ. ಹೂವಿನ ಎಸಳು ಚೂಪಾಗಿ ಬರುತ್ತದೆ, ತಪ್ಪಿದರೆ ಕೆರೆದು ಮತ್ತೆ ಬಳಿಯಬಹುದು. ಸಿಹಿ ಮಾತ್ರ ವಿಪರೀತ.

ತುಮಕೂರಿನ ಏಪ್ರಿಲ್ ಬಿಸಿಲಲ್ಲಿ ಬೆಣ್ಣೆಯ ಹೂವು ಜಾರುತ್ತದೆ, ಹಾಗಾಗಿ ಬೇಸಿಗೆಗೆ ವಿಪ್ಪಿಂಗ್ ಕ್ರೀಮೇ ವಾಸಿ. ಡಿಸೆಂಬರಿನ ಹುಟ್ಟುಹಬ್ಬವಾದರೆ ಬಟರ್‌ಕ್ರೀಮ್ ಹಿಡಿಯಿರಿ. ಯಾವುದಾದರೂ ಸರಿ, ಕೇಕ್ ಪೂರ್ತಿ ಆರಿದ ಮೇಲೆ ತೆಳುವಾಗಿ ಒಂದು ಪದರ ಬಳಿದು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಆಮೇಲೆ ಉಳಿದದ್ದು ಬಳಿಯಿರಿ. ಇಲ್ಲವಾದರೆ ಕೇಕಿನ ಪುಡಿಯೆಲ್ಲ ಕ್ರೀಮಿನಲ್ಲಿ ಮೇಲೆದ್ದು ಬರುತ್ತದೆ.