ಗಂಡು ನೊಣದ ಫಲವಂತಿಕೆ ಪರೀಕ್ಷೆ: ನ್ಯಾನೋಸ್ ಚಾಲಕವೋ, ಬ್ಯಾಮ್ ಚಾಲಕವೋ?

ಹಣ್ಣಿನ ನೊಣದ ವೃಷಣದಲ್ಲಿ ಒಂದು ವಂಶವಾಹಿಯ ಬಾಯಿ ಕಟ್ಟಿ, ಅದಿಲ್ಲದೆ ವೀರ್ಯಾಣು ತಯಾರಾಗುತ್ತದೆಯೇ ಎಂದು ನೋಡಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ಯಾವ ಚಾಲಕವನ್ನು, ಅಂದರೆ ಆ ಅಡಗಿಸುವಿಕೆ ಯಾವ ಕೋಶಗಳಲ್ಲಿ ಯಾವಾಗ ಶುರುವಾಗಬೇಕೆಂದು ನಿರ್ಧರಿಸುವ ಡಿಎನ್‌ಎ ತುಣುಕನ್ನು, ಬಳಸಬೇಕೆಂಬುದನ್ನು. 1993ರಲ್ಲಿ ಆಂಡ್ರಿಯಾ ಬ್ರ್ಯಾಂಡ್ ಮತ್ತು ನಾರ್ಬರ್ಟ್ ಪೆರಿಮನ್ ರೂಪಿಸಿದ ಗ್ಯಾಲ್-4/ಯುಎಎಸ್ ವ್ಯವಸ್ಥೆಯಲ್ಲಿ, ಗ್ಯಾಲ್-4 ಪ್ರೋಟೀನನ್ನು ತಯಾರಿಸುವ ಚಾಲಕ ಒಂದು ಸ್ಟಾಕಿನಿಂದಲೂ (ಸಾಕಿಕೊಂಡ ನೊಣದ ತಳಿಯಿಂದ), ಆ ಪ್ರೋಟೀನು ಯುಎಎಸ್ ಎಂಬ ತಾಣದ ಮೂಲಕ ಎಚ್ಚರಿಸುವ, ವಂಶವಾಹಿಯನ್ನು ಅಡಗಿಸುವ ಆರ್‌ಎನ್‌ಎಐ ತುಣುಕು ಇನ್ನೊಂದರಿಂದಲೂ ಬರುತ್ತವೆ. ಎರಡನ್ನೂ ಕ್ರಾಸ್ ಮಾಡಿದಾಗ ಹುಟ್ಟುವ ನೊಣಗಳಲ್ಲಿ, ಚಾಲಕ ಕೆಲಸ ಮಾಡುವ ಜೀವಕೋಶಗಳಲ್ಲಷ್ಟೇ, ಗುರಿಯಿಟ್ಟ ವಂಶವಾಹಿಯ ಸಂದೇಶ ಹೊತ್ತ ಎಂಆರ್‌ಎನ್‌ಎ ತುಂಡಾಗುತ್ತದೆ. ಶಿವಮೊಗ್ಗದ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ ನ್ಯಾನೋಸ್ ಮತ್ತು ಬ್ಯಾಮ್ ಎಂಬ ಎರಡು ಚಾಲಕಗಳನ್ನೂ ಅಕ್ಕಪಕ್ಕದಲ್ಲಿಟ್ಟು ಬಳಸಿದ್ದೇನೆ. ಗುರಿ ವಂಶವಾಹಿಯ ಬಗ್ಗೆ ಏನೂ ಗೊತ್ತಿಲ್ಲದಿದ್ದರೆ ಬ್ಯಾಮ್‌ನಿಂದಲೇ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ.

ವೃಷಣದ ತುದಿಯಲ್ಲಿರುವ ಕಾಂಡಕೋಶದಿಂದ ಹೊರಟ ಒಂದು ಕೋಶ ನಾಲ್ಕು ಬಾರಿ ಒಡೆದು 16 ಆಗುತ್ತದೆ, ಅವು ಬೆಳೆದು ಮಿಯಾಸಿಸ್ (ವರ್ಣತಂತುಗಳ ಸಂಖ್ಯೆ ಅರ್ಧವಾಗುವ ವಿಭಜನೆ) ಮುಗಿಸಿದಾಗ 64 ಆಗುತ್ತವೆ, ಆಮೇಲೆ ಪ್ರತಿಯೊಂದೂ ಸುಮಾರು 1.8 ಮಿಲಿಮೀಟರ್ ಉದ್ದದ ವೀರ್ಯಾಣುವಾಗಿ ನೀಳವಾಗುತ್ತದೆ. ನೊಣದ ಮೈಯೇ 3 ಮಿಲಿಮೀಟರ್ ದಾಟುವುದಿಲ್ಲ ಎಂಬುದನ್ನು ನೆನೆದರೆ ಈ ಉದ್ದ ಎಷ್ಟು ವಿಚಿತ್ರವೆಂದು ತಿಳಿಯುತ್ತದೆ. ನ್ಯಾನೋಸ್ ಚಾಲಕ ಕಾಂಡಕೋಶದಲ್ಲೇ ಎಚ್ಚರವಾಗುತ್ತದೆ; ಬ್ಯಾಮ್ ಎಚ್ಚರವಾಗುವುದು ಆ ನಾಲ್ಕು ವಿಭಜನೆಗಳ ಕೊನೆಕೊನೆಗೆ.

ಪ್ರತಿ ಜೀವಕೋಶಕ್ಕೂ ಬೇಕಾದ ವಂಶವಾಹಿಯೊಂದನ್ನು, ಉದಾಹರಣೆಗೆ ರೈಬೋಸೋಮಿನ ಒಂದು ಪ್ರೋಟೀನಿನದನ್ನು, ನ್ಯಾನೋಸ್ ಮೂಲಕ ಅಡಗಿಸಿದರೆ ಕಾಂಡಕೋಶಗಳೇ ಅಳಿದು, ಬೀಜಕೋಶವೇ ಇಲ್ಲದ ಸಣಕಲು ವೃಷಣ ಕೈಗೆ ಬರುತ್ತದೆ. ಗಂಡು ಬಂಜೆಯೆಂಬುದು ನಿಜ, ಆದರೆ ಆ ವಂಶವಾಹಿಗೆ ವೀರ್ಯಾಣುವಿನ ರಚನೆಯಲ್ಲಿ ವಿಶೇಷ ಪಾತ್ರವಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬ್ಯಾಮ್‌ನಲ್ಲಿ ಕಾಂಡಕೋಶ ಸುರಕ್ಷಿತವಾಗಿರುವುದರಿಂದ ಕೆಲಸ ಯಾವ ಹಂತದಲ್ಲಿ ನಿಂತಿತೆಂಬುದನ್ನು ಕಣ್ಣಾರೆ ನೋಡಬಹುದು. ವೈ ವರ್ಣತಂತುವಿನ ಮೇಲಿರುವ ಕೆಎಲ್-3 ಇದಕ್ಕೆ ಒಳ್ಳೆಯ ಉದಾಹರಣೆ. ವೀರ್ಯಾಣುವಿನ ಬಾಲಕ್ಕೆ ಬೇಕಾದ ಡೈನೀನ್ ಪ್ರೋಟೀನನ್ನು ಸಂಕೇತಿಸುವ ಈ ವಂಶವಾಹಿ, ತನ್ನ ನಡುನಡುವೆ ಇರುವ, ಪ್ರೋಟೀನನ್ನು ಸಂಕೇತಿಸದ ದೈತ್ಯ ಇಂಟ್ರಾನ್‌ಗಳಿಂದಾಗಿ ಲಕ್ಷಾಂತರ ಬೇಸ್‌ಗಳುದ್ದಕ್ಕೂ ಚಾಚಿಕೊಂಡಿದ್ದು, ಮಿಯಾಸಿಸ್‌ಗೆ ಮುನ್ನ ಬೆಳೆಯುತ್ತಿರುವ ಕೋಶಗಳಲ್ಲಿ ಓದಲ್ಪಡುತ್ತದೆ. ಬ್ಯಾಮ್‌ನಿಂದ ಇದನ್ನು ಅಡಗಿಸಿದ ಗಂಡಿನಲ್ಲಿ ವೃಷಣ ತುಂಬಿಕೊಂಡೇ ಇರುತ್ತದೆ, ವೀರ್ಯಾಣುಗಳು ನೀಳವಾಗಲು ತೊಡಗಿಯೂ ಇರುತ್ತವೆ, ಆದರೆ ವೀರ್ಯಚೀಲ ಮಾತ್ರ ಬರಿದು.

ಇದನ್ನು ಕಾಣಬೇಕಾದರೆ ಕೊಯ್ದು ನೋಡಲೇಬೇಕು. ಬಫರ್ ಹನಿಯಲ್ಲಿ ಗಂಡಿನ ಹೊಟ್ಟೆಯ ತುದಿಯನ್ನು ಚಿಮುಟದಿಂದ ಮೆಲ್ಲಗೆ ಎಳೆದರೆ ಸುರುಳಿ ಸುತ್ತಿದ ಹಳದಿ ವೃಷಣಗಳು ಹೊರಬರುತ್ತವೆ. ಹೆಣ್ಣಿನಿಂದ ಕೆಲವು ದಿನ ದೂರವಿಟ್ಟ ಆರೋಗ್ಯವಂತ ಗಂಡಾದರೆ, ವೀರ್ಯಚೀಲವನ್ನು ಸೂಜಿಯಿಂದ ಚುಚ್ಚಿದ ಕೂಡಲೇ ವೀರ್ಯಾಣುಗಳು ಸಿಕ್ಕುಬಿದ್ದ ನೂಲಿನ ಉಂಡೆಯ ಹಾಗೆ ಹೊರಳಾಡುತ್ತ ಚೆಲ್ಲುತ್ತವೆ. ಒಂದು ಗಂಡಿಗೆ ಕೆಲವು ಕನ್ಯೆ ಹೆಣ್ಣುಗಳನ್ನು ಕೂಡಿಸಿ ಸಂತತಿ ಎಣಿಸುವ ವಿಧಾನ ಅಗ್ಗ, ಸಂಖ್ಯೆಯನ್ನೂ ಕೊಡುತ್ತದೆ, ಆದರೆ ಕಾರಣ ಹೇಳುವುದಿಲ್ಲ. ಅದಕ್ಕೆ ಬೇಕಾದ ಕನ್ಯೆಯರನ್ನು, 25 ಡಿಗ್ರಿಯಲ್ಲಿ ಸಾಕಿದ್ದರೆ, ಹುಟ್ಟಿದ ಎಂಟು ಗಂಟೆಯೊಳಗೆ ಆರಿಸಿಕೊಳ್ಳಬೇಕು. ಮೈ ಇನ್ನೂ ಬಿಳಿಚಿಕೊಂಡು, ಪಾರದರ್ಶಕ ಹೊಟ್ಟೆಯೊಳಗೆ ಕಪ್ಪು ಚುಕ್ಕೆ ಕಾಣುತ್ತಿದ್ದರೆ ಅನುಮಾನ ಪಡಬೇಕಾಗಿಲ್ಲ.

ಉಷ್ಣಾಂಶದ ವಿಚಾರದಲ್ಲಿ ಎರಡು ಚಾಲಕಗಳ ಪಾಡೂ ಒಂದೇ. 29 ಡಿಗ್ರಿಯಲ್ಲಿ ಗ್ಯಾಲ್-4 ಚುರುಕಾಗಿ, ಅಡಗಿಸುವಿಕೆ ಬಲವಾಗುತ್ತದೆ. ಅದೇ ಬಿಸಿಗೆ ಸಾಮಾನ್ಯ ಗಂಡುಗಳ ಫಲವಂತಿಕೆಯೂ ಕುಸಿಯುತ್ತದೆ. ಆದ್ದರಿಂದ ಹೋಲಿಕೆಗಾಗಿ, ನೊಣದಲ್ಲಿ ಇಲ್ಲವೇ ಇಲ್ಲದ ಎಂಚೆರ್ರಿಯಂಥ (ಕೆಂಪಗೆ ಹೊಳೆಯುವ ಪ್ರೋಟೀನಿನ) ವಂಶವಾಹಿಗೆ ಗುರಿಯಿಟ್ಟ ಆರ್‌ಎನ್‌ಎಐ ಸ್ಟಾಕನ್ನು ಅದೇ ಚಾಲಕದೊಂದಿಗೆ, ಅದೇ ಇನ್‌ಕ್ಯುಬೇಟರಿನಲ್ಲಿ ಬೆಳೆಸದೆ 29 ಡಿಗ್ರಿಯ ಫಲಿತಾಂಶವನ್ನು ನಾನು ನಂಬುವುದಿಲ್ಲ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಮಲೆನಾಡಿನಲ್ಲಿ ಕರೆಂಟು ಹೋಗುವುದು ವಾಡಿಕೆ. ಇನ್‌ಕ್ಯುಬೇಟರ್ ತಣ್ಣಗಾದರೆ ಅಡಗಿಸುವಿಕೆಯೂ ಸಡಿಲವಾಗುತ್ತದೆ. ಗೋಧಿ ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ ಆಹಾರಕ್ಕೆ ಪ್ರೊಪಿಯಾನಿಕ್ ಆಮ್ಲ ಬೆರೆಸಿದರೂ ಆ ತಿಂಗಳುಗಳಲ್ಲಿ ಬೂಷ್ಟು ಬಿಡುವುದಿಲ್ಲ. ಬೂಷ್ಟು ಹಿಡಿದ ಬಾಟಲಿಯಲ್ಲಿ ಸಂತತಿ ಕಡಿಮೆಯಾದರೆ ದೂರಬೇಕಾದ್ದು ಗಂಡನ್ನೋ ಆಹಾರವನ್ನೋ ಹೇಳಲಾಗದು, ಹಾಗಾಗಿ ಎಣಿಕೆಯ ಕ್ರಾಸ್‌ಗಳನ್ನು ನಾನು ಬೇಸಿಗೆಗೇ ಇಟ್ಟುಕೊಳ್ಳುತ್ತೇನೆ.

ಆರ್‌ಎನ್‌ಎಐ ತುಣುಕಿನಿಂದ ಹುಟ್ಟುವ ಆರ್‌ಎನ್‌ಎ ಹೇರ್‌ಪಿನ್ನಿನ ಹಾಗೆ ಮಡಚಿಕೊಳ್ಳುತ್ತದೆ. ಸಣ್ಣ ಹೇರ್‌ಪಿನ್ ಸ್ಟಾಕುಗಳು ಎರಡು ಚಾಲಕಗಳೊಂದಿಗೂ ಚೆನ್ನಾಗಿ ಹೊಂದುತ್ತವೆ; ಉದ್ದ ಹೇರ್‌ಪಿನ್ನಿನವಾದರೆ ಆ ಉದ್ದ ಆರ್‌ಎನ್‌ಎಯನ್ನು ತುಂಡರಿಸುವ ಡೈಸರ್-2 ಕಿಣ್ವ ಜೊತೆಗಿರುವ ಬ್ಯಾಮ್ ಸ್ಟಾಕನ್ನು ಆರಿಸಿಕೊಳ್ಳುವುದು ಮೇಲು. ವಂಶವಾಹಿಯನ್ನು ಡಿಎನ್‌ಎ ಕತ್ತರಿಸುವ ಕ್ರಿಸ್ಪರ್‌ನಿಂದ ಪೂರ್ತಿ ಕಿತ್ತುಹಾಕುವುದು ಎಲ್ಲಕ್ಕಿಂತ ಸ್ಪಷ್ಟವಾದ ದಾರಿಯಾದರೂ, ಅದು ದೇಹದ ಬೇರೆಡೆಗೂ ಬೇಕಾದದ್ದಾಗಿದ್ದರೆ ನೊಣ ಬೆಳೆದು ದೊಡ್ಡದಾಗುವ ಮೊದಲೇ ಸಾಯಬಹುದು. ಕಾಂಡಕೋಶದ್ದೇ ಪ್ರಶ್ನೆಯಾದಾಗ, ಉದಾಹರಣೆಗೆ ಅದು ವೃಷಣದ ತುದಿಯಲ್ಲಿ ಹೇಗೆ ನೆಲೆ ನಿಲ್ಲುತ್ತದೆಂದು ತಿಳಿಯಬೇಕಾದಾಗ, ನ್ಯಾನೋಸ್ ಬಿಟ್ಟರೆ ಗತಿಯಿಲ್ಲ; ಬ್ಯಾಮ್ ಎಚ್ಚರವಾಗುವಷ್ಟರಲ್ಲಿ ಆ ಹಂತ ಕಳೆದುಹೋಗಿರುತ್ತದೆ.