ವೈರ್‌ಲೆಸ್ ಮೌಸ್‌ನ ದೀರ್ಘಕಾಲದ ಬಳಕೆ: ತಡೆತಡೆದು ಓಡುವ ಪಾಯಿಂಟರ್ ಮತ್ತು ಅದರ ಕಾರಣಗಳು

ಒಂದೇ ಎಎ ಸೆಲ್‌ನಿಂದ ನಡೆಯುವ, ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಯುಎಸ್‌ಬಿ ರಿಸೀವರ್ ಜೊತೆಗೆ ಬರುವ, ಮಧ್ಯಮ ದರ್ಜೆಯ ವೈರ್‌ಲೆಸ್ ಆಪ್ಟಿಕಲ್ ಮೌಸ್ ಒಂದನ್ನು ಕೆಲವು ವರ್ಷಗಳಿಂದ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ದಿನನಿತ್ಯ ಬಳಸುತ್ತಿದ್ದೇನೆ. ಮಾದರಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಈ ದರ್ಜೆಯ ಮೌಸ್‌ಗಳು ಹೊರಗಿನ ಆಕಾರದಲ್ಲಿ ಎಷ್ಟೇ ಭಿನ್ನವಾಗಿ ಕಂಡರೂ ಒಳಗಿನ ಕೆಲಸದಲ್ಲಿ ಒಂದನ್ನೊಂದು ಬಹಳ ಹೋಲುತ್ತವೆ, ಅವುಗಳ ಮೇಲೆ ಬರುವ ದೂರುಗಳೂ ಹಾಗೆಯೇ. ಆ ದೂರುಗಳಲ್ಲಿ ಮೊದಲನೆಯದು, ಪಾಯಿಂಟರ್ ಸರಾಗವಾಗಿ ಸಾಗದೆ ತಡೆತಡೆದು ಓಡುತ್ತದೆ, ಇದ್ದಕ್ಕಿದ್ದಂತೆ ಎಗರುತ್ತದೆ ಎಂಬುದು. ನನ್ನ ಬಳಕೆಯಲ್ಲೂ ಇದು ಬೇರೆ ಬೇರೆ ಸಮಯದಲ್ಲಿ ಬೇರೆ ಬೇರೆ ಕಾರಣಕ್ಕೆ ಕಾಣಿಸಿಕೊಂಡಿದೆ. ಆದ್ದರಿಂದ ಹಿಡಿತ, ಗುಂಡಿಗಳು, ಚಕ್ರ ಮುಂತಾದವನ್ನು ಕೊನೆಗೆ ಚಿಕ್ಕದಾಗಿ ಹೇಳಿ, ವಿಮರ್ಶೆಯ ಬಹುಪಾಲನ್ನು ಈ ಒಂದು ದೂರಿಗೇ ಮೀಸಲಿಡುತ್ತೇನೆ.

ಪಾಯಿಂಟರ್ ಸರಿಯಾಗಿ ಓಡುತ್ತಿಲ್ಲ ಎಂದಷ್ಟೇ ಹೇಳಿದರೆ ಕಾರಣ ಸಿಗುವುದಿಲ್ಲ, ಅದು ಯಾವ ರೀತಿಯಲ್ಲಿ ಕೆಡುತ್ತಿದೆ ಎಂಬುದನ್ನು ಗಮನಿಸಬೇಕು. ಕೈ ಸರಿಸುತ್ತಿರುವಾಗ ಪಾಯಿಂಟರ್ ಕ್ಷಣಕಾಲ ನಿಂತು, ಮುಂದೆ ಎಲ್ಲೋ ಒಮ್ಮೆಲೇ ಕಾಣಿಸಿಕೊಂಡರೆ, ಮೌಸ್ ಕಳುಹಿಸಿದ ಮಾಹಿತಿ ಕಂಪ್ಯೂಟರಿಗೆ ತಲುಪುತ್ತಿಲ್ಲ, ಇಲ್ಲವೇ ತಲುಪಿದರೂ ಅದನ್ನು ವಿಚಾರಿಸಿಕೊಳ್ಳಲು ಕಂಪ್ಯೂಟರಿಗೆ ಬಿಡುವಿಲ್ಲ. ಕೈ ಅಲ್ಲಾಡದೆ ಇದ್ದಾಗಲೂ ಪಾಯಿಂಟರ್ ನಡುಗುತ್ತಿದ್ದರೆ, ಅಥವಾ ಬಲಕ್ಕೆ ಸರಿಸಿದಾಗ ಮೇಲಕ್ಕೋ ಕೆಳಕ್ಕೋ ಹಾರಿದರೆ, ದೋಷ ಚಲನೆಯನ್ನು ಗ್ರಹಿಸುವ ಸೆನ್ಸರ್‌ನಲ್ಲೋ ಅದರ ಅಡಿಯ ಮೇಲ್ಮೈಯಲ್ಲೋ ಇದೆ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟು ಮತ್ತೆ ಹಿಡಿದಾಗ ಮಾತ್ರ ಮೊದಲ ಚಲನೆ ಲೆಕ್ಕಕ್ಕೆ ಬಾರದೆ ಹೋದರೆ ಅದು ವಿದ್ಯುತ್ ಉಳಿತಾಯದ ವ್ಯವಸ್ಥೆಯ ಕೆಲಸ. ಇವನ್ನು ಬೇರ್ಪಡಿಸಿ ನೋಡದೆ ಮೌಸನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಅಳಿಸಿ ಮತ್ತೆ ಹಾಕುವುದು, ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡುವುದು ಮುಂತಾದ ಸಾಹಸಗಳಿಗೆ ಇಳಿಯುವುದರಲ್ಲಿ ಅರ್ಥವಿಲ್ಲ.

ನನ್ನ ಮೌಸ್‌ನಲ್ಲಿ ಹೆಚ್ಚು ಕಾಡಿದ್ದು ಮೊದಲನೆಯ ಬಗೆ. ರಿಸೀವರ್ ಸಿಪಿಯು ಪೆಟ್ಟಿಗೆಯ ಹಿಂಭಾಗದಲ್ಲಿತ್ತು. ಅದರ ಪಕ್ಕದ ಪೋರ್ಟ್‌ನಲ್ಲಿ, ಬ್ಯಾಕಪ್‌ಗೆಂದು ಇಟ್ಟುಕೊಂಡ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇತ್ತು. ಉಳಿದ ಸಮಯದಲ್ಲಿ ಪಾಯಿಂಟರ್ ಚೆನ್ನಾಗಿಯೇ ಓಡುತ್ತಿದ್ದರೂ, ಡಿಸ್ಕಿಗೆ ದೊಡ್ಡ ಫೈಲುಗಳ ಕಾಪಿ ಆರಂಭವಾದೊಡನೆ ಕುಂಟತೊಡಗುತ್ತಿತ್ತು, ಕಾಪಿ ಮುಗಿದೊಡನೆ ತಾನಾಗಿ ಸರಿಹೋಗುತ್ತಿತ್ತು. ಕಂಪ್ಯೂಟರಿಗೆ ಕೆಲಸ ಹೆಚ್ಚಾದದ್ದೇ ಇದಕ್ಕೆ ಕಾರಣ ಎಂದು ಊಹಿಸುವುದು ಸಹಜ. ಆದರೆ ಆ ಹೊತ್ತಿನಲ್ಲಿ ಕಂಪ್ಯೂಟರಿನ ಕೆಲಸದ ಹೊರೆ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಬಹುಮಟ್ಟಿಗೆ ಬಿಡುವಾಗಿಯೇ ಇರುತ್ತಿತ್ತು, ಮತ್ತು ಕಾಪಿ ನಡೆಯುತ್ತಿರುವಾಗಲೇ ತಂತಿಯ ಮೌಸ್ ಒಂದನ್ನು ಜೋಡಿಸಿದರೆ ಅದರ ಪಾಯಿಂಟರ್ ಸ್ವಲ್ಪವೂ ತಡವರಿಸುತ್ತಿರಲಿಲ್ಲ. ಹಾಗಾಗಿ ಉಳಿದದ್ದು ರೇಡಿಯೊ ಅಡಚಣೆ ಮಾತ್ರ.

ಇಂತಹ ಮೌಸ್‌ಗಳು 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ, ಅಂದರೆ 2400 ಮೆಗಾಹರ್ಟ್ಸ್‌ನಿಂದ 2483.5 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲಕ್ಕೂ ಇದೇ ಪಟ್ಟಿಯಲ್ಲಿ ಪಾಲಿದೆ. ಇವುಗಳ ಜೊತೆಗೆ, ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಸಾಗಿಸುವ ಯುಎಸ್‌ಬಿ 3.0 ಸಂಪರ್ಕದ ಕನೆಕ್ಟರ್ ಮತ್ತು ಕೇಬಲ್‌ಗಳಿಂದ ಸೋರುವ ವಿದ್ಯುತ್ಕಾಂತೀಯ ಗದ್ದಲವೂ ಇದೇ ಪಟ್ಟಿಯ ಮೇಲೆ ಹರಡುತ್ತದೆ. ಇಂಟೆಲ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ ತಾಂತ್ರಿಕ ಪ್ರಬಂಧವೊಂದು ಈ ಗದ್ದಲವನ್ನು ಅಳೆದು ತೋರಿಸಿದ್ದಲ್ಲದೆ, ವೈರ್‌ಲೆಸ್ ಮೌಸ್‌ನ ಮೇಲೆ ಅದರ ಪರಿಣಾಮ ಏನೆಂಬುದನ್ನೂ ಚರ್ಚಿಸಿದೆ. ಒಂದು ಸೆಲ್‌ನಲ್ಲಿ ತಿಂಗಳುಗಟ್ಟಲೆ ಬಾಳಬೇಕಾದ ಮೌಸ್ ಬಹಳ ಕ್ಷೀಣವಾದ ಸಂಕೇತವನ್ನಷ್ಟೇ ಕಳುಹಿಸಬಲ್ಲದು. ಅದರ ರಿಸೀವರನ್ನು ಯುಎಸ್‌ಬಿ 3.0 ಡಿಸ್ಕ್‌ನ ಪಕ್ಕದಲ್ಲಿ ಚುಚ್ಚುವುದೆಂದರೆ ಸಂತೆಯ ನಡುವೆ ನಿಂತು ಪಿಸುಮಾತು ಕೇಳಿಸಿಕೊಳ್ಳಲು ಹೇಳಿದಂತೆ. ಸಾಲದ್ದಕ್ಕೆ ನಡುವೆ ಸಿಪಿಯುವಿನ ಲೋಹದ ಪೆಟ್ಟಿಗೆಯೂ ಅಡ್ಡ ನಿಂತಿರುತ್ತದೆ.

ಪರಿಹಾರ ಸರಳವಾಗಿದೆ. ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ಒಂದನ್ನು ಬಳಸಿ ರಿಸೀವರನ್ನು ಪೆಟ್ಟಿಗೆಯ ಹಿಂದಿನಿಂದ ಮೇಜಿನ ಮೇಲಕ್ಕೆ, ಮೌಸ್‌ನಿಂದ ಒಂದು ಗೇಣಿನಷ್ಟು ದೂರಕ್ಕೆ ತಂದ ಮೇಲೆ ಕಾಪಿಯ ಸಮಯದ ಕುಂಟಾಟ ಪೂರ್ತಿಯಾಗಿ ನಿಂತುಹೋಯಿತು. ಎಕ್ಸ್‌ಟೆನ್ಷನ್ ಇಲ್ಲದವರು ಕನಿಷ್ಠ ಪಕ್ಷ ರಿಸೀವರನ್ನು ಮುಂಭಾಗದ ಪೋರ್ಟ್‌ಗೆ, ಸಾಧ್ಯವಾದರೆ ಒಳಗೆ ನೀಲಿ ಬಣ್ಣವಿಲ್ಲದ ಪೋರ್ಟ್‌ಗೆ ಬದಲಾಯಿಸಿ ನೋಡಬಹುದು. ನೀಲಿ ಬಣ್ಣ ಸಾಮಾನ್ಯವಾಗಿ ಯುಎಸ್‌ಬಿ 3.0 ಪೋರ್ಟ್‌ನ ಗುರುತಾದರೂ ಎಲ್ಲ ತಯಾರಕರೂ ಅದನ್ನು ಪಾಲಿಸುವುದಿಲ್ಲ ಎಂಬುದು ನೆನಪಿರಲಿ. ರೌಟರ್ ಎರಡು ಬ್ಯಾಂಡ್‌ಗಳದ್ದಾಗಿದ್ದರೆ ಕಂಪ್ಯೂಟರನ್ನು 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಸೇರಿಸುವುದರಿಂದಲೂ ಸ್ವಲ್ಪ ಜಾಗ ತೆರವಾಗುತ್ತದೆ. ನನ್ನ ತಕರಾರು ಇಷ್ಟೇ: ಪೆಟ್ಟಿಗೆಯ ಮೇಲೆ ಹತ್ತು ಮೀಟರ್ ದೂರದಿಂದಲೂ ಕೆಲಸ ಮಾಡುತ್ತದೆ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ ತಯಾರಕರು, ಅರ್ಧ ಮೀಟರಿನ ಒಂದು ಎಕ್ಸ್‌ಟೆನ್ಷನ್ ಕೇಬಲನ್ನು ಒಳಗೆ ಇಡಲಿಲ್ಲ, ರಿಸೀವರನ್ನು ಎಲ್ಲಿ ಚುಚ್ಚಬಾರದು ಎಂಬ ಒಂದು ಸಾಲನ್ನೂ ಕೈಪಿಡಿಯಲ್ಲಿ ಬರೆಯಲಿಲ್ಲ.

ಎರಡನೆಯ ಬಗೆಯ ತೊಂದರೆ, ಅಂದರೆ ನಡುಗುವ ಅಥವಾ ದಿಕ್ಕು ತಪ್ಪಿ ಹಾರುವ ಪಾಯಿಂಟರ್, ಅರ್ಥವಾಗಬೇಕಾದರೆ ಸೆನ್ಸರ್ ಹೇಗೆ ನೋಡುತ್ತದೆ ಎಂಬುದನ್ನು ತಿಳಿದಿರಬೇಕು. ಉರುಳುವ ಚೆಂಡಿನ ಮೌಸ್‌ಗಳನ್ನು ಹಿಂದಕ್ಕೆ ಸರಿಸಿದ ಇಂದಿನ ಆಪ್ಟಿಕಲ್ ಮೌಸ್, ಮೈಕ್ರೋಸಾಫ್ಟ್ 1999ರಲ್ಲಿ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ತಂದ ಮೇಲೆ ಮನೆಮನೆಗೂ ಬಂದದ್ದು. ಅದರ ಹೊಟ್ಟೆಯಲ್ಲಿರುವುದು ಒಂದು ಪುಟ್ಟ ಕ್ಯಾಮೆರಾ. ಓರೆಯಾಗಿ ಬೀಳುವ ಎಲ್‌ಇಡಿ ಬೆಳಕಿನಲ್ಲಿ ಮೇಜಿನ ಮೇಲ್ಮೈಯ ಸೂಕ್ಷ್ಮ ಉಬ್ಬುತಗ್ಗುಗಳನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಚಿತ್ರ ತೆಗೆದು, ಒಂದು ಚಿತ್ರಕ್ಕೂ ಅದರ ಮುಂದಿನ ಚಿತ್ರಕ್ಕೂ ನಡುವೆ ಆ ಗುರುತುಗಳು ಎತ್ತ ಸರಿದವು ಎಂದು ಲೆಕ್ಕ ಹಾಕಿ ಚಲನೆಯನ್ನು ತಿಳಿಯುತ್ತದೆ. ಗುರುತುಗಳೇ ಕಾಣದ ಗಾಜು, ಬೆಳಕನ್ನು ನೇರವಾಗಿ ಹಿಂದಕ್ಕೆ ಎಸೆಯುವ ನುಣುಪಾದ ಸನ್‌ಮೈಕಾ, ಒಂದೇ ವಿನ್ಯಾಸ ಮತ್ತೆ ಮತ್ತೆ ಬರುವ ಮೇಜಿನ ಹೊದಿಕೆ, ಇವೆಲ್ಲ ಈ ಲೆಕ್ಕವನ್ನು ತಪ್ಪಿಸುತ್ತವೆ. ಬಹಳ ಕಾಲ ಬಳಸಿದ ಮೌಸ್ ಪ್ಯಾಡ್‌ನ ನಡುಭಾಗ ಬೆವರು ಮತ್ತು ಜಿಡ್ಡಿನಿಂದ ಹೊಳಪುಗಟ್ಟಿದಾಗಲೂ ಇದೇ ಆಗುತ್ತದೆ. ಪ್ಯಾಡ್‌ನ ಅಂಚಿನಲ್ಲಿ ಸರಿಯಾಗಿ ಓಡಿ, ನಡುವೆ ಬಂದಾಗ ಮಾತ್ರ ಎಡವುವ ಪಾಯಿಂಟರ್ ಇದರ ಖಚಿತ ಲಕ್ಷಣ. ಮೌಸ್ ಕೆಳಗೆ ಒಂದು ಬಿಳಿಯ ಕಾಗದದ ಹಾಳೆ ಇಟ್ಟು ಓಡಿಸಿ ನೋಡಿದರೆ ಮೇಲ್ಮೈಯ ಪಾತ್ರ ತಕ್ಷಣ ಗೊತ್ತಾಗುತ್ತದೆ.

ಮೇಲ್ಮೈ ಚೆನ್ನಾಗಿದ್ದೂ ಪಾಯಿಂಟರ್ ನಡುಗಿದರೆ ಮೌಸನ್ನು ಬೋರಲು ಹಾಕಿ, ಟಾರ್ಚ್ ಬೆಳಕಿನಲ್ಲಿ ಸೆನ್ಸರ್‌ನ ಕುಳಿಯೊಳಗೆ ನೋಡಬೇಕು. ನನ್ನ ಮೌಸ್‌ನಲ್ಲಿ ಒಮ್ಮೆ ಸಿಕ್ಕಿದ್ದು ಒಂದೇ ಒಂದು ಕೂದಲು. ಕುಳಿಯ ಅಂಚಿಗೆ ಒಂದು ತುದಿ ಅಂಟಿಕೊಂಡು, ಇನ್ನೊಂದು ತುದಿ ಲೆನ್ಸಿನ ಮುಂದೆ ತೂಗಾಡುತ್ತಿತ್ತು. ಮೌಸ್ ನಿಂತಿದ್ದರೂ ಫ್ಯಾನಿನ ಗಾಳಿಗೆ ಕೂದಲು ಅಲುಗಿದಾಗ ಸೆನ್ಸರ್ ಅದನ್ನೇ ಚಲನೆಯೆಂದು ಭಾವಿಸಿ ವರದಿ ಮಾಡುತ್ತಿತ್ತು. ಬರಿಗಣ್ಣಿಗೆ ಅದು ಮೊದಲು ಕಾಣಲೇ ಇಲ್ಲ, ಟಾರ್ಚನ್ನು ಪಕ್ಕದಿಂದ ಹಿಡಿದಾಗ ಮಾತ್ರ ಮಿಂಚಿತು. ಒಣಗಿದ ಹತ್ತಿಕಡ್ಡಿಯ ತುದಿಯನ್ನು ಮೆಲ್ಲನೆ ಆಡಿಸಿ ಇಂಥದ್ದನ್ನು ತೆಗೆಯಬಹುದು. ಬಾಯಿಂದ ಊದಿದರೆ ಎಂಜಲಿನ ಹನಿ ಲೆನ್ಸಿನ ಮೇಲೆ ಕೂರುವುದೇ ಹೆಚ್ಚು. ಹಾಗೆ ಬೋರಲು ಹಾಕಿದಾಗ ಅಡಿಯ ಜಾರುಪಟ್ಟಿಗಳ ಮೇಲೆ ಕಟ್ಟಿಕೊಂಡ ಕಪ್ಪು ಕೊಳೆಯನ್ನೂ ಕೆರೆದು ತೆಗೆಯಬೇಕು. ಸೆನ್ಸರ್ ಮತ್ತು ಮೇಜಿನ ನಡುವಿನ ಅಂತರ ಕೆಲವೇ ಮಿಲಿಮೀಟರ್ ಇರುವುದರಿಂದ ಒಂದು ಬದಿಗೆ ಅಂಟಿದ ಕೊಳೆಯೂ ಚಿತ್ರವನ್ನು ಮಸುಕು ಮಾಡಲು ಸಾಕು. ಅಡಿಯಲ್ಲಿ ಕೆಂಪು ಬೆಳಕು ಕಾಣದಿದ್ದರೆ ಸೆನ್ಸರ್ ಸತ್ತಿದೆ ಎಂದು ತೀರ್ಮಾನಿಸಬೇಡಿ, ವೈರ್‌ಲೆಸ್ ಮೌಸ್‌ಗಳಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಎಲ್‌ಇಡಿ ಬಳಸುವುದು ಸಾಮಾನ್ಯ.

ಸೆಲ್‌ನ ವಿಷಯ ಚಿಕ್ಕದು. ಸೆಲ್ ದುರ್ಬಲವಾದಾಗ ಮೌಸ್ ಒಮ್ಮೆಲೇ ನಿಲ್ಲದೆ, ಅದಕ್ಕೂ ಕೆಲವು ದಿನ ಮೊದಲು ಆಗೊಮ್ಮೆ ಈಗೊಮ್ಮೆ ತಡವರಿಸತೊಡಗುತ್ತದೆ. ಆದ್ದರಿಂದ ಬೇರೇನನ್ನೂ ಹುಡುಕುವ ಮೊದಲು ಹೊಸ ಸೆಲ್ ಹಾಕಿ ನೋಡುವುದು ಒಳ್ಳೆಯದು. ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ವೋಲ್ಟೇಜ್ 1.2, ಸಾಮಾನ್ಯ ಆಲ್ಕಲೈನ್ ಸೆಲ್‌ಗಳದ್ದು 1.5. ಈ ಮೌಸ್ ಎರಡರಲ್ಲೂ ನಡೆಯುತ್ತದೆ, ಆದರೆ ರೀಚಾರ್ಜ್ ಸೆಲ್ ಹಾಕಿದಾಗ ಸೆಲ್ ಮುಗಿಯುತ್ತಿದೆ ಎಂಬ ಸೂಚನೆಯ ದೀಪ ಬೇಗನೆ ಮಿನುಗತೊಡಗುತ್ತದೆ.

ಇನ್ನು ಕಂಪ್ಯೂಟರಿನ ಕಡೆಗೆ. ತಂತಿಯ ಮೌಸ್ ಜೋಡಿಸಿದರೂ ಪಾಯಿಂಟರ್ ಅದೇ ರೀತಿ ತಡವರಿಸಿದರೆ ಈ ಮೌಸನ್ನು ದೂರುವಂತಿಲ್ಲ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪಾಯಿಂಟರ್ ನಿಂತ ಕ್ಷಣದಲ್ಲೇ ಪ್ರೊಸೆಸರ್ ಅಥವಾ ಡಿಸ್ಕ್‌ನ ಬಳಕೆ 100 ಶೇಕಡಾ ಮುಟ್ಟುತ್ತಿದೆಯೇ ಎಂಬುದನ್ನು ಅಲ್ಲಿ ಕಾಣಬಹುದು. ಮುಟ್ಟದೆ ಕೆಲಸದ ಮಧ್ಯೆ ಬಿಟ್ಟ ಮೌಸ್ ಎಚ್ಚರಗೊಳ್ಳಲು ತಡಮಾಡುವ ಮೂರನೆಯ ಬಗೆಯ ತೊಂದರೆಗೆ ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಎಂಬಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ ನೀಡುವ ಗುರುತನ್ನು ತೆಗೆಯಬೇಕು. ಪವರ್ ಆಪ್ಷನ್ಸ್‌ನಲ್ಲಿರುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಕೂಡ ಇದೇ ಕೆಲಸದ್ದು, ಅದನ್ನೂ ಆಫ್ ಮಾಡಬೇಕು. ಅಷ್ಟಾದರೂ ಕ್ಷಣಾರ್ಧದ ವಿಳಂಬ ಉಳಿದರೆ ಅದು ಮೌಸ್ ತನ್ನ ಸೆಲ್ ಉಳಿಸಲು ತಾನೇ ನಿದ್ರೆಗೆ ಜಾರುವುದರಿಂದ ಆಗುವಂಥದ್ದು, ಅದನ್ನು ಈ ಮಾದರಿಯಲ್ಲಿ ತಪ್ಪಿಸಲಾಗದು.

ಪರದೆಯೇ ಅಪರಾಧಿಯಾಗುವ ಸಂದರ್ಭವೂ ಉಂಟು, ಮತ್ತು ಇದನ್ನು ಗುರುತಿಸುವವರು ಕಡಿಮೆ. ಈ ಮೌಸ್ ಸೆಕೆಂಡಿಗೆ 125 ಬಾರಿ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ತನ್ನ ಚಲನೆಯನ್ನು ವರದಿ ಮಾಡುತ್ತದೆ. 60 ಹರ್ಟ್ಸ್ ಪರದೆಯಲ್ಲಿ ಹೊಸ ಚಿತ್ರ ಮೂಡುವುದು ಸುಮಾರು 16.7 ಮಿಲಿಸೆಕೆಂಡಿಗೊಮ್ಮೆಯಾದ್ದರಿಂದ ಇಷ್ಟು ವರದಿ ಮನೆಯ ಕೆಲಸಕ್ಕೆ ಸಾಕು. ಆದರೆ 4ಕೆ ಟಿವಿಯನ್ನು ಮಾನಿಟರ್ ಆಗಿ ಬಳಸುವವರ ಕಂಪ್ಯೂಟರ್ ಅಥವಾ ಅಡಾಪ್ಟರ್ ಎಚ್‌ಡಿಎಂಐ 1.4ರದ್ದಾಗಿದ್ದರೆ (ಪರದೆಗೆ ಚಿತ್ರ ಸಾಗಿಸುವ ಸಂಪರ್ಕದ ಹಳೆಯ ಆವೃತ್ತಿ), ಪೂರ್ಣ 4ಕೆ ರೆಸಲ್ಯೂಷನ್‌ನಲ್ಲಿ ಅದು 30 ಹರ್ಟ್ಸ್ ಮಾತ್ರ ಕೊಡಬಲ್ಲದು. ಆಗ ಎಷ್ಟು ಒಳ್ಳೆಯ ಮೌಸ್ ಇದ್ದರೂ ಪಾಯಿಂಟರ್ ಮೆಟ್ಟಿಲು ಮೆಟ್ಟಿಲಾಗಿಯೇ ಸಾಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್ ಎಷ್ಟಿದೆ ಎಂದು ನೋಡಿ, ರೆಸಲ್ಯೂಷನ್ ಇಳಿಸಿ 60 ಹರ್ಟ್ಸ್‌ಗೆ ತಂದರೆ ವ್ಯತ್ಯಾಸ ಕೂಡಲೇ ಕಾಣುತ್ತದೆ. ವಿಂಡೋಸ್‌ನ ಪಾಯಿಂಟರ್ ವೇಗವನ್ನು ನಡುಮಟ್ಟಕ್ಕಿಂತ ಬಹಳ ಮೇಲೇರಿಸಿದರೂ ಪಾಯಿಂಟರ್ ಪಿಕ್ಸೆಲ್‌ಗಳನ್ನು ಬಿಟ್ಟುಬಿಟ್ಟು ಹಾರುತ್ತದೆ, ಸಣ್ಣ ಬಟನ್‌ಗಳ ಮೇಲೆ ಅದನ್ನು ನಿಲ್ಲಿಸುವುದು ಕಷ್ಟವಾಗುತ್ತದೆ. ಡ್ರೈವರ್ ಅಪ್‌ಡೇಟ್ ಮಾಡಿಕೊಡುತ್ತೇವೆ ಎನ್ನುವ ತಂತ್ರಾಂಶಗಳ ಸಹವಾಸ ಮಾತ್ರ ಬೇಡ. ಇಂಥ ಮೌಸ್‌ಗೆ ಬೇಕಾದ ಡ್ರೈವರ್ ವಿಂಡೋಸ್‌ನೊಳಗೇ ಇರುತ್ತದೆ.

ಉಳಿದ ವಿಷಯಗಳಲ್ಲಿ ಈ ಮೌಸ್ ಚೆನ್ನಾಗಿ ಬಾಳಿದೆ. ಚಕ್ರ ಇನ್ನೂ ಹದವಾಗಿ ತಿರುಗುತ್ತದೆ. ಪಕ್ಕದ ರಬ್ಬರ್ ಹಿಡಿತ ಮಾತ್ರ ಅಂಟಂಟಾಗಿದೆ, ಎಡಗುಂಡಿ ಇತ್ತೀಚೆಗೆ ಒಮ್ಮೆ ಒತ್ತಿದರೆ ಕೆಲವೊಮ್ಮೆ ಎರಡು ಬಾರಿ ಒತ್ತಿದಂತೆ ವರ್ತಿಸುತ್ತದೆ. ಇದು ಒಳಗಿನ ಮೈಕ್ರೋ ಸ್ವಿಚ್ಚಿನ ಲೋಹದ ಸಂಪರ್ಕ ಸವೆದುದರ ಲಕ್ಷಣ, ಯಾವ ಸೆಟ್ಟಿಂಗ್‌ನಿಂದಲೂ ಪೂರ್ತಿ ಸರಿಹೋಗುವಂಥದ್ದಲ್ಲ. ರಿಸೀವರ್ ಕಳೆದರೆ ಬೇರೆ ರಿಸೀವರ್ ಜೋಡಿಸುವ ಸೌಲಭ್ಯ ಇಲ್ಲದಿರುವುದು ದೊಡ್ಡ ಕೊರತೆ.

ಲ್ಯಾಪ್‌ಟಾಪ್‌ನ ಪಕ್ಕದ ಪೋರ್ಟ್‌ನಲ್ಲಿ ರಿಸೀವರ್ ಇಟ್ಟು, ಪಕ್ಕದಲ್ಲೇ ಮೌಸ್ ಆಡಿಸುವವರಿಗೆ ಇಂಥ ಮೌಸನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡಬಲ್ಲೆ. ಮೇಜಿನ ಕೆಳಗೆ ಸಿಪಿಯು ಇಟ್ಟು, ಹಿಂಭಾಗದ ಪೋರ್ಟ್‌ಗಳಲ್ಲಿ ಡಿಸ್ಕ್‌ಗಳನ್ನು ತುಂಬಿಕೊಂಡವರು ಎಕ್ಸ್‌ಟೆನ್ಷನ್ ಕೇಬಲನ್ನೂ ಜೊತೆಗೇ ತರಿಸಿಕೊಳ್ಳಲಿ, ಅದು ಬೇಡವೆಂದರೆ ತಂತಿಯ ಮೌಸನ್ನೇ ಕೊಳ್ಳಲಿ. ಕೊಂಡವರು ವಾಪಸು ಕೊಡುವ ಅವಧಿ ಮುಗಿಯುವ ಮೊದಲೇ ಎಕ್ಸ್‌ಟರ್ನಲ್ ಡಿಸ್ಕಿಗೆ ದೊಡ್ಡದೊಂದು ಫೋಲ್ಡರ್ ಕಾಪಿಗೆ ಹಾಕಿ, ಅದು ನಡೆಯುತ್ತಿರುವಾಗ ಪಾಯಿಂಟರನ್ನು ಪರದೆಯ ಮೇಲೆ ನಿಧಾನವಾಗಿ ವೃತ್ತಾಕಾರದಲ್ಲಿ ಓಡಿಸಿ ನೋಡುವುದು ಒಳಿತು. ವೃತ್ತ ಎಲ್ಲಿಯಾದರೂ ಮುರಿದರೆ ಮೊದಲು ರಿಸೀವರ್‌ನ ಜಾಗ ಬದಲಿಸಿ, ಆಮೇಲೂ ಮುರಿದರೆ ಮೌಸನ್ನು ಹಿಂದಿರುಗಿಸಿ.