ಕ್ಲೋಬೆಟಾಸಾಲ್ ಆಯಿಂಟ್‌ಮೆಂಟ್, 30 ಗ್ರಾಂ ಟ್ಯೂಬ್: ಕೈ ಇಸುಬಿಗೆ ಒಳ್ಳೆ ಮದ್ದು, ಮನೆಮಂದಿಗೆಲ್ಲ ಹಚ್ಚೋ ಮುಲಾಮಲ್ಲ

ನಮ್ಮ ದೊಡ್ಡಪ್ಪಂಗೆ ಅಂಗೈ ಇಸುಬು. ಮಂಡ್ಯ ಕಡೆ ಆಲೆಮನೆ ಕೆಲಸ ಮಾಡೋರ ಕೈ ನೋಡಿದ್ರೆ ಗೊತ್ತಾಗುತ್ತೆ, ಕಬ್ಬಿನ ಸೋಗೆ ಗೀರು, ಸುಣ್ಣ, ಬೆಲ್ಲ ಬೆಳ್ಳಗೆ ಬರ್ಲಿ ಅಂತ ಹಾಕೋ ಹೈಡ್ರೋಸ್ ಪುಡಿ, ಅದ್ರ ಮೇಲೆ ಒಲೆ ಕಾವು, ಎಲ್ಲಾ ಸೇರಿ ಚರ್ಮ ದಪ್ಪಗಾಗಿ ಬಿರಿದು ರಕ್ತ ಬರೋದು. ಮುದ್ದೆ ಮುರಿದು ಸಾರಿಗೆ ಅದ್ದೋಕೂ ಆಗ್ತಿರ್ಲಿಲ್ಲ ಪಾಪ, ಖಾರ ತಾಗಿದ್ರೆ ಕಣ್ಣಲ್ಲಿ ನೀರು. ಮೈಸೂರಲ್ಲಿ ಚರ್ಮದ ಡಾಕ್ಟ್ರಿಗೆ ತೋರ್ಸಿದ್ವಿ, ಅವ್ರು ಬರ್ಕೊಟ್ಟಿದ್ದು ಕ್ಲೋಬೆಟಾಸಾಲ್ ಪ್ರೊಪಿಯೋನೇಟ್ 0.05 ಪರ್ಸೆಂಟ್ ಆಯಿಂಟ್‌ಮೆಂಟ್. ಕಂಪನಿ ಯಾವ್ದು ಅಂತ ಹೇಳಲ್ಲ, ಹತ್ತಾರು ಕಂಪನಿ ಇದನ್ನೇ ಮಾಡ್ತಾವೆ, ನೋಡ್ಬೇಕಾಗಿರೋದು ಟ್ಯೂಬ್ ಮೇಲೆ ಸಣ್ಣಕ್ಷರದಲ್ಲಿರೋ ಮದ್ದಿನ ಹೆಸರು.

ಕೆಲಸ ಮಾಡುತ್ತಾ ಅಂದ್ರೆ, ಮಾಡುತ್ತೆ, ಚೆನ್ನಾಗೇ ಮಾಡುತ್ತೆ. ಮೊದಲನೇ ವಾರದಲ್ಲೇ ನವೆ ನಿಂತ್ಹೋಯ್ತು, ರಾತ್ರಿ ನಿದ್ದೆ ಬಂತು, ಆಮೇಲೆ ಬಿರುಕು ಕೂಡ್ಕೊಂಡು ಬಂತು. ನಾನು ಈ ರಿವ್ಯೂ ಬರೀತಿರೋದು ಅದಕ್ಕಿಂತ ಹೆಚ್ಚಾಗಿ ಹೆಂಗೆ ಹಚ್ಬೇಕು, ಎಲ್ಲಿ ಹಚ್ಬಾರ್ದು ಅನ್ನೋದಕ್ಕೆ, ಯಾಕಂದ್ರೆ ಇದು ಸ್ಟಿರಾಯ್ಡ್ ಮುಲಾಮುಗಳಲ್ಲೇ ಅತಿ ಸ್ಟ್ರಾಂಗ್ ಗುಂಪಿಗೆ ಸೇರಿದ್ದು, ನಮ್ಮೂರಲ್ಲಿ ಇದನ್ನ ಬೋರೋಲೀನ್ ಹಚ್ಚಿದಂಗೆ ಹಚ್ಕೊಂಡು ಓಡಾಡೋರನ್ನ ನೋಡಿದ್ದೀನಿ.

ಡಾಕ್ಟ್ರು ಮೊದ್ಲು ಅಳತೆ ತೋರ್ಸಿದ್ರು, ಅದು ನಂಗೆ ತುಂಬಾ ಇಷ್ಟ ಆಯ್ತು. ದೊಡ್ಡಪ್ಪನ ತೋರ್ಬೆರಳು ಹಿಡ್ಕೊಂಡು, ತುದಿಯಿಂದ ಮೊದಲ್ನೇ ಗೆರೆ ತನಕ ಟ್ಯೂಬಿಂದ ಒಂದು ಎಳೆ ಹಿಂಡಿ, "ಯಜಮಾನ್ರೇ, ಇದು ಅರ್ಧ ಗ್ರಾಂ, ಒಂದು ಕೈಗೆ ಹಿಂದೆ ಮುಂದೆ ಎರಡೂ ಸೇರಿ ಇಷ್ಟೇ ಸಾಕು" ಅಂದ್ರು. ದೊಡ್ಡಪ್ಪ "ಇಷ್ಟೇನಾ ಡಾಕ್ಟ್ರೇ, ಇದು ಮೂಲೆಗೂ ಸಾಲಲ್ವಲ್ಲ" ಅಂದಿದ್ದಕ್ಕೆ ಅವ್ರೇ ಹಚ್ಚಿ ತೋರ್ಸಿದ್ರು, ನಿಜವಾಗ್ಲೂ ಸಾಕಾಯ್ತು, ತೆಳ್ಳಗೆ ಹೊಳಪು ಬರೋ ಅಷ್ಟು. ಲೆಕ್ಕ ಹಾಕಿ ನೋಡಿ, ಎರಡು ಕೈಗೆ ಒಂದು ಗ್ರಾಂ, ಬೆಳಿಗ್ಗೆ ರಾತ್ರಿ ಸೇರಿ ಎರಡು ಗ್ರಾಂ, 14 ದಿನಕ್ಕೆ 28 ಗ್ರಾಂ, ಅಂದ್ರೆ 30 ಗ್ರಾಂ ಟ್ಯೂಬು ಎರಡು ವಾರದ ಕೋರ್ಸ್‌ಗೆ ಸರಿಯಾಗಿ ಆಗುತ್ತೆ. ಒಂದೇ ವಾರಕ್ಕೆ ಖಾಲಿ ಆಯ್ತು ಅಂದ್ರೆ ಜಾಸ್ತಿ ಬಳಿದಿದ್ದೀರ ಅಂತ, ಎರಡು ತಿಂಗಳಾದ್ರೂ ಅರ್ಧ ಉಳಿದಿದೆ ಅಂದ್ರೆ ಭಯಕ್ಕೆ ಸರಿಯಾಗಿ ಹಚ್ಚಿಲ್ಲ ಅಂತ, ಎರಡೂ ತಪ್ಪೇ. ಈ ಮದ್ದನ್ನ ಸಾಮಾನ್ಯವಾಗಿ ಒಂದೇ ಸಮ ಎರಡು ವಾರಕ್ಕಿಂತ ಜಾಸ್ತಿ ಹಚ್ಚಂಗಿಲ್ಲ, ದೊಡ್ಡೋರಿಗೂ ವಾರಕ್ಕೆ 50 ಗ್ರಾಂ ದಾಟಂಗಿಲ್ಲ. ದೊಡ್ಡಪ್ಪಂಗೆ ಎರಡು ವಾರ ಆದ್ಮೇಲೆ ವಾರಕ್ಕೆ ಎರಡು ದಿನ ಮಾತ್ರ ಅಂತ ಇಳಿಸಿ ಆಮೇಲೆ ನಿಲ್ಸಿದ್ರು, ಅದು ಅವರವರ ಚರ್ಮ ನೋಡಿ ಡಾಕ್ಟ್ರು ಹೇಳೋದು, ನೀವು ಇದನ್ನೇ ಕಾಪಿ ಹೊಡೀಬೇಡಿ.

ನಾನು ಕೇಳ್ದೆ, ಸಾರ್ ಇಷ್ಟು ಸ್ಟ್ರಾಂಗ್ ಯಾಕೆ ಕೊಟ್ರಿ ಅಂತ. ಅಂಗೈ ಚರ್ಮ ದಪ್ಪ, ಮದ್ದು ಒಳಗೆ ಇಳಿಯೋದೇ ಕಷ್ಟ, ಅದಕ್ಕೆ ಇದು. 1967ರಲ್ಲೇ ಅಮೆರಿಕದಲ್ಲಿ ಹೈಡ್ರೋಕಾರ್ಟಿಸೋನ್ ಹಚ್ಚಿ ಅಳತೆ ಮಾಡಿದ್ರಂತೆ, ಅದ್ರಲ್ಲಿ ಮುಂಗೈಯಲ್ಲಿ ಇಳಿಯೋದನ್ನ ಒಂದು ಪಾಲು ಅಂದ್ಕೊಂಡ್ರೆ ಅಂಗೈಯಲ್ಲಿ ಅದಕ್ಕಿಂತ ಸ್ವಲ್ಪ ಕಮ್ಮಿ, ಹಣೆಯಲ್ಲಿ 6 ಪಾಲು, ದವಡೆ ಹತ್ರ 13, ಗಂಡಸರ ವೃಷಣದ ಚರ್ಮದಲ್ಲಿ 42 ಪಾಲು. ಈ ಲೆಕ್ಕ ಕೇಳಿದ್ಮೇಲೆ ಯಾರಾದ್ರೂ ಅಂಗೈ ಮದ್ದನ್ನ ಮುಖಕ್ಕೋ ತೊಡೆಸಂದಿಗೋ ಹಚ್ತಾರಾ? ಹಚ್ತಾರೆ, ಅದೇ ಬೇಜಾರು. ಬಂಗು ಹೋಗ್ಲಿ, ಮದ್ವೆಗೆ ಬೆಳ್ಳಗೆ ಕಾಣ್ಲಿ ಅಂತ ಹೆಣ್ಮಕ್ಕಳು ಸ್ಟಿರಾಯ್ಡ್ ಇರೋ ಮುಲಾಮು ತಿಂಗಳುಗಟ್ಟಲೆ ಹಚ್ಕೋತಾರೆ, ಮೊದ್ಲು ಹೊಳೆಯುತ್ತೆ, ಆಮೇಲೆ ಚರ್ಮ ತೆಳ್ಳಗಾಗಿ ಸಣ್ಣ ಸಣ್ಣ ಕೆಂಪು ನರ ಕಾಣೋಕೆ ಶುರು, ಮೊಡವೆ, ಕೂದಲು, ಬಿಸಿಲಿಗೆ ಹೋದ್ರೆ ಉರಿ, ಬಿಟ್ರೆ ಮುಖ ಕೆಂಡ ಆಗುತ್ತೆ ಅಂತ ಮತ್ತೆ ಅದನ್ನೇ ಹಚ್ಚೋದು. ಹಂಗಾಗಿರೋರು ಭಯ ಪಟ್ಕೊಂಡು ಮನೇಲಿ ಕೂರ್ಬೇಡಿ, ಚರ್ಮದ ಡಾಕ್ಟ್ರ ಹತ್ರ ಹೋಗಿ, ಬಿಡಿಸೋ ದಾರಿ ಅವ್ರಿಗೆ ಗೊತ್ತು. ಕಣ್ಣಿನ ಸುತ್ತ ಅಂತೂ ಬೇಡ್ವೇ ಬೇಡ, ಕಣ್ಣಿನ ಒತ್ತಡ ಏರಿ ದೃಷ್ಟಿಗೇ ತೊಂದ್ರೆ ಆಗ್ಬೋದು, ಹಚ್ಚಿದ ಬೆರಳು ತೊಳೀದೆ ಕಣ್ಣು ಉಜ್ಜೋದೂ ಬೇಡ. ಕೈಗೇ ಹಚ್ಚಿದ್ರೆ ತೊಳೆಯೋಕಾಗಲ್ವಲ್ಲ, ಅದಕ್ಕೆ ದೊಡ್ಡಪ್ಪಂಗೆ ಊಟ ಆಗಿ ಮಲಗೋ ಮುಂಚೆ ಹಚ್ಚಿ ಹತ್ತಿ ಗ್ಲೌಸ್ ಹಾಕಿಸ್ತಿದ್ವಿ. ಪ್ಲಾಸ್ಟಿಕ್ ಕವರ್ ಕಟ್ಟೋ ಐಡಿಯಾ ಯಾರೋ ಹೇಳಿದ್ರು, ಡಾಕ್ಟ್ರು ಬೇಡ ಅಂದ್ರು, ಮುಚ್ಚಿ ಕಟ್ಟಿದ್ರೆ ಮದ್ದು ಇನ್ನೂ ಜಾಸ್ತಿ ಇಳಿಯುತ್ತೆ.

ಇನ್ನೊಂದು, ಇದು ಬಾಳಾ ಮುಖ್ಯ. ದೊಡ್ಡಪ್ಪನ ಕೈ ವಾಸಿ ಆಗಿದ್ದು ನೋಡಿ ಪಕ್ಕದ್ಮನೆ ಹುಡುಗ ಬಂದು "ಅಕ್ಕ ಆ ಟ್ಯೂಬ್ ಕೊಡಿ, ಸೊಂಟದ ಹತ್ರ ಹುಳುಕಡ್ಡಿ ಆಗಿದೆ" ಅಂದ. ಕೊಡ್ಲಿಲ್ಲ. ಹುಳುಕಡ್ಡಿ ಅನ್ನೋದು ಫಂಗಸ್, ಅದ್ರ ಮೇಲೆ ಸ್ಟಿರಾಯ್ಡ್ ಹಚ್ಚಿದ್ರೆ ನವೆ ಎರಡು ದಿನ ನಿಲ್ಲುತ್ತೆ, ಕೆಂಪು ಇಳಿಯುತ್ತೆ, ಒಳಗೆ ಫಂಗಸ್ ಮಾತ್ರ ಆರಾಮಾಗಿ ಹಬ್ಕೊಂಡು ಹೋಗುತ್ತೆ, ಕೊನೆಗೆ ಆ ಉಂಗುರದ ಆಕಾರನೂ ಅಳಿಸಿ ಹೋಗಿ ಡಾಕ್ಟ್ರಿಗೇ ಗುರುತು ಹಿಡಿಯೋದು ಕಷ್ಟ ಆಗುತ್ತೆ. ಅವ್ನು ಅದಾಗ್ಲೇ ಒಂದು ಮೆಡಿಕಲ್ ಶಾಪಲ್ಲಿ ಚೀಟಿ ಇಲ್ದೆ ಒಂದು ಟ್ಯೂಬ್ ತಂದು ಹಚ್ಚಿದ್ದ, ತೋರ್ಸು ಅಂದ್ರೆ ಕ್ಲೋಬೆಟಾಸಾಲ್ ಜೊತೆ ಜೆಂಟಾಮೈಸಿನ್, ಮೈಕೊನಜೋಲ್ ಸೇರಿಸಿರೋದು! ಒಂದೇ ಟ್ಯೂಬಲ್ಲಿ ಸ್ಟಿರಾಯ್ಡು, ಆ್ಯಂಟಿಬಯೋಟಿಕ್ಕು, ಫಂಗಸ್ ಮದ್ದು. ಹೆಸರಿನ ಕೊನೇಲಿ ಎರಡು ಇಂಗ್ಲಿಷ್ ಅಕ್ಷರ ಸೇರ್ಸಿರ್ತಾರೆ ಅಷ್ಟೇ, ನೋಡೋಕೆ ನಮ್ಮ ಟ್ಯೂಬ್ ತರಾನೇ ಇರುತ್ತೆ. ಆ ಅಂಗಡಿಯೋರ ಮೇಲೆ ನಂಗೆ ನಿಜಕ್ಕೂ ಕೋಪ ಬಂತು. 2018ರಲ್ಲೇ ಸರ್ಕಾರ ಹಚ್ಚೋ ಸ್ಟಿರಾಯ್ಡುಗಳನ್ನ ಷೆಡ್ಯೂಲ್ ಎಚ್‌ಗೆ ಸೇರ್ಸಿ ಡಾಕ್ಟ್ರ ಚೀಟಿ ಇಲ್ದೆ ಮಾರಂಗಿಲ್ಲ ಅಂತ ಮಾಡಿದೆ, ಟ್ಯೂಬ್ ಮೇಲೂ ಅದನ್ನೇ ಬರ್ದಿರ್ತಾರೆ, ಆದ್ರೂ "ಕಡಿತಕ್ಕೆ ಒಂದು ಮುಲಾಮು ಕೊಡಿ" ಅಂದ್ರೆ ಸಾಕು, ಇದೇ ಕೈಗೆ ಬರುತ್ತೆ. ಹುಡುಗನ್ನ ಆಸ್ಪತ್ರೆಗೆ ಕಳ್ಸಿದ್ವಿ, ಅಲ್ಲಿ ಚರ್ಮ ಕೆರೆದು ಟೆಸ್ಟ್ ಮಾಡಿ ಫಂಗಸ್ಸೇ ಅಂತ ಹೇಳಿ ಬೇರೆ ಮದ್ದು ಕೊಟ್ರು. ಮನೇಲಿ ಎಲ್ರೂ ಒಂದೇ ಟವೆಲ್ ಬಳಸೋದು ನಿಲ್ಸಿ ಅಂತಾನೂ ಹೇಳಿದ್ರಂತೆ.

ಆಲೆಮನೆಯೋರು, ಅಡುಗೆ ಕಂಟ್ರಾಕ್ಟ್ ಮಾಡೋರು, ಬೆಂಕಿ ಹತ್ರ ಕೆಲಸ ಇರೋರು ಇದೊಂದು ತಿಳ್ಕೊಳಿ. ಆಯಿಂಟ್‌ಮೆಂಟು, ವ್ಯಾಸಲೀನ್, ಎಲ್ಲಾ ಪ್ಯಾರಾಫಿನ್ ಜಿಡ್ಡು. ಕೈ ಒರೆಸ್ಕೊಂಡು ಒರೆಸ್ಕೊಂಡು ಪಂಚೆ, ಟವೆಲ್‌ಗೆ ಆ ಜಿಡ್ಡು ಹಿಡಿದ್ರೆ ಬಟ್ಟೆ ಕಿಡಿ ತಾಗಿದ ತಕ್ಷಣ ಹತ್ಕೊಳುತ್ತೆ, ಒಗೆದ್ರೂ ಪೂರ್ತಿ ಹೋಗಲ್ಲ. ದೊಡ್ಡಪ್ಪ ಹೆಗಲ ಮೇಲಿನ ಟವೆಲ್‌ಗೇ ಕೈ ಒರೆಸೋದು, ಅದನ್ನೇ ಸುತ್ಕೊಂಡು ಕೊಪ್ಪರಿಗೆ ಹತ್ರ ನಿಲ್ಲೋದು. ಈಗ ಮದ್ದಿನ ಟವೆಲ್ಲೇ ಬೇರೆ, ಅದು ಮನೇಲೇ ಇರುತ್ತೆ.

ಜೊತೆಗೆ ದಿನಾ ಎಷ್ಟು ಸಲ ಕೈ ತೊಳೀತಾರೋ ಅಷ್ಟು ಸಲ ವ್ಯಾಸಲೀನ್, ಇದು ಕೋರ್ಸ್ ಮುಗಿದ ಮೇಲೂ ಬಿಡಂಗಿಲ್ಲ. ಎರಡನ್ನೂ ಒಟ್ಟಿಗೆ ಕಲಸಿ ಹಚ್ಬೇಡಿ, ಮಧ್ಯೆ ಅರ್ಧ ಗಂಟೆ ಬಿಡಿ. ಹೈಡ್ರೋಸ್ ಮುಟ್ಟೋವಾಗ ರಬ್ಬರ್ ಗ್ಲೌಸು, ಒಳಗೆ ಹತ್ತಿದು. ಅದು ಮಾಡ್ದೆ ಬರೀ ಮುಲಾಮು ನಂಬ್ಕೊಂಡ್ರೆ ಇಸುಬು ವಾಪಸ್ ಬಂದೇ ಬರುತ್ತೆ.

ಸ್ಟಾರ್ ಅಂದ್ರೆ ಮದ್ದಿಗೆ ಐದಕ್ಕೆ ಐದು. ಪ್ಯಾಕಿಂಗ್‌ಗೆ ಎರಡು ಕೊಡ್ತೀನಿ. ನಮ್ಗೆ ಸಿಕ್ಕಿದ್ರಲ್ಲಿ ಕನ್ನಡ ಒಂದಕ್ಷರ ಇಲ್ಲ, ಇಂಗ್ಲಿಷಲ್ಲಿ ಇರೋದೂ ಇರುವೆ ಸಾಲು. ಎಕ್ಸ್‌ಪೈರಿ ಡೇಟನ್ನ ಟ್ಯೂಬಿನ ಬಾಲದ ಮಡಿಕೆ ಮೇಲೆ ಒತ್ತಿರ್ತಾರೆ, ಬಾಲದಿಂದ ಸುರುಳಿ ಸುತ್ಕೊಂಡು ಬಂದ್ರೆ ಮೊದಲನೇ ಸುತ್ತಿಗೇ ಅದು ಒಳಗೆ ಹೋಗುತ್ತೆ. ಅದಕ್ಕೆ ರಟ್ಟಿನ ಡಬ್ಬಿ ಬಿಸಾಕ್ಬೇಡಿ. ನಾನು ಡಬ್ಬಿ ಮೇಲೆ ದಪ್ಪ ಪೆನ್ನಲ್ಲಿ "ದೊಡ್ಡಪ್ಪ, ಕೈಗೆ ಮಾತ್ರ" ಅಂತ ಬರ್ದು, ಶುರು ಮಾಡಿದ ತಾರೀಕು, ನಿಲ್ಸೋ ತಾರೀಕು ಎರಡೂ ಹಾಕಿ ಮಕ್ಕಳ ಕೈಗೆ ಸಿಗದಂಗೆ ಮೇಲಿನ ಗೂಡಲ್ಲಿ ಇಟ್ಟಿದ್ದೀನಿ.